ಯಾರ ಮಾತಿಗೆ ಬೀಜ ಜರುಗಿತು? ಕೆಆರ್‌ಎಸ್ ಬಾಗಿನದ ಅಂದಾಜು: ಮಂಡ್ಯದ ಒಂದು ಪ್ರಕರಣ

ಪಾಂಡವಪುರ ತಾಲ್ಲೂಕಿನಲ್ಲಿ, ಕೆಆರ್‌ಎಸ್ (ಕೃಷ್ಣರಾಜಸಾಗರ) ಅಣೆಕಟ್ಟೆಯಿಂದ ಬರುವ ವಿಶ್ವೇಶ್ವರಯ್ಯ ನಾಲೆಯನ್ನೇ ನಂಬಿಕೊಂಡ ಒಂದು ಊರು. ಅಲ್ಲಿ ನಮ್ಮ ಭಾವನದು ಬೀಜ, ಗೊಬ್ಬರ, ಔಷಧಿ ಅಂಗಡಿ. ಪ್ರತಿ ವರ್ಷ ಮೇ ಕೊನೆ ಬಂತು ಅಂದರೆ ಅವರಿಗೆ ಒಂದೇ ತಲೆನೋವು. ಯಾವ ಭತ್ತದ ಬೀಜ ಎಷ್ಟು ತರಿಸಬೇಕು?

ನೀರು ಬೇಗ ಬರುತ್ತೆ ಅನ್ನುವ ಧೈರ್ಯ ಇದ್ದರೆ ರೈತರು ಎಂಟಿಯು 1001 ಕೇಳುತ್ತಾರೆ. ಅದು ಕೊಯ್ಲಿಗೆ ಬರಲು ಹೆಚ್ಚು ಕಡಿಮೆ ನಾಲ್ಕೂವರೆ ತಿಂಗಳು ಬೇಕು. ನೀರು ತಡ ಅನ್ನಿಸಿದರೆ ಐಆರ್ 64 ಕಡೆ ತಿರುಗುತ್ತಾರೆ, ಅದು ನಾಲ್ಕು ತಿಂಗಳಿನ ಬೆಳೆ. ನೀರೇ ಇಲ್ಲ ಅಂದರೆ ರಾಗಿ, ಇಲ್ಲವೇ ಏನೂ ಇಲ್ಲ. ಬಿತ್ತನೆ ಬೀಜವನ್ನು ಯೂರಿಯಾ ಥರ ಗೋಡೌನಿನಲ್ಲಿ ಇಟ್ಟುಕೊಂಡು ಕೂರುವ ಹಾಗಿಲ್ಲ. ಚೀಲದ ಮೇಲೆ ವಾಯಿದೆ ಇರುತ್ತೆ. ವಾಯಿದೆ ಮುಗಿದ ಮೇಲೆ ಅದು ಬರೀ ಭತ್ತ, ಗಿರಣಿಗೆ ಹಾಕಬೇಕು ಅಷ್ಟೆ. 2023ರಲ್ಲಿ ಮುಂಗಾರು ಕೈಕೊಟ್ಟು ಕೆಆರ್‌ಎಸ್ ತುಂಬಲೇ ಇಲ್ಲ. ಆ ವರ್ಷ ಉಳಿದ ಚೀಲಗಳ ಲೆಕ್ಕ ಭಾವ ಇನ್ನೂ ಮರೆತಿಲ್ಲ.

ನಾನು ಮೈಸೂರಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು. 2025ರ ಮೇ ತಿಂಗಳಲ್ಲಿ ಭಾವ ನನ್ನ ಮುಂದೆ ಇಟ್ಟ ಪ್ರಶ್ನೆ ಇದು: "ಡ್ಯಾಂ ಯಾವಾಗ ತುಂಬ್ತದೆ ಅನ್ನೋದು ನನಗೆ ಬೇಡ ಕಣಪ್ಪ. ಜನ ಯಾವಾಗ ತುಂಬ್ತದೆ ಅಂದ್ಕೊಂಡವ್ರೆ, ಯಾರ ಮಾತು ಕೇಳಿ ಹಂಗಂದ್ಕೊಂಡವ್ರೆ, ಅದು ಹೇಳು."

ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ಷೇರುಪೇಟೆಯ ಬಗ್ಗೆ ಬರೆದದ್ದೂ ಇದನ್ನೇ. ಪತ್ರಿಕೆಯ ಸೌಂದರ್ಯ ಸ್ಪರ್ಧೆಯಲ್ಲಿ ಬಹುಮಾನ ಬೇಕಿದ್ದರೆ ನಿಮಗೆ ಚೆಂದ ಕಂಡ ಮುಖ ಆರಿಸಿ ಪ್ರಯೋಜನ ಇಲ್ಲ, ಉಳಿದವರು ಯಾವ ಮುಖ ಆರಿಸುತ್ತಾರೆ ಅಂತ ಊಹಿಸಬೇಕು ಅಂದಿದ್ದರು. ಭಾವನಿಗೆ ಕೇನ್ಸ್ ಗೊತ್ತಿಲ್ಲ, ಕೇನ್ಸ್‌ಗೆ ಬಿತ್ತನೆ ಬೀಜದ ಸಾಲ ಗೊತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ.

ಊರಿನಲ್ಲಿ ಮಾತಾಡುವವರು

ಡ್ಯಾಂ ಬಗ್ಗೆ ಮಾತಾಡದವರು ಆ ಊರಿನಲ್ಲಿ ಯಾರೂ ಇಲ್ಲ. ಆದರೆ ಐದು ಜನರ ಮಾತು ಬೇರೆಯವರ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು.

ಮೊದಲನೆಯವನು ಒಬ್ಬ ಹುಡುಗ. ಡಿಗ್ರಿ ಮುಗಿಸಿದ್ದಾನೆ, ವಾಟ್ಸಾಪ್ ಚಾನೆಲ್ ನಡೆಸುತ್ತಾನೆ. ದಿನಾ ಬೆಳಿಗ್ಗೆ ಕೆಆರ್‌ಎಸ್ ಮಟ್ಟ, ಒಳಹರಿವು, ಹೊರಹರಿವು ಹಾಕುತ್ತಾನೆ, ಜೊತೆಗೆ ಒಂದು ಬಿಸಿ ಬಿಸಿ ಸಾಲು. ಸುತ್ತಮುತ್ತಲ ಊರುಗಳ ಸಾವಿರಾರು ಜನ ಅವನ ಮೆಸೇಜ್ ನೋಡುತ್ತಾರೆ. ಟೀ ಅಂಗಡಿಯಲ್ಲಿ ಲೋಟ ಕೈಗೆ ಬರುವ ಮೊದಲೇ ಮಟ್ಟ ಎಲ್ಲರ ಬಾಯಲ್ಲಿರುತ್ತೆ.

ಎರಡನೆಯವರು ಮೈಸೂರಿನ ಸರಸ್ವತಿಪುರಂನಲ್ಲಿ ಮನೆ ಮಾಡಿಕೊಂಡಿರುವ ನಿವೃತ್ತ ಮೇಷ್ಟ್ರು. ಊರಲ್ಲಿ ಗದ್ದೆ ಇದೆ, ವಾರಕ್ಕೊಮ್ಮೆ ಬರುತ್ತಾರೆ. ಮೂರನೆಯವರು ದೇವಸ್ಥಾನದ ಐನೋರು. ಯುಗಾದಿ ದಿನ ಪಂಚಾಂಗ ಓದುವವರು, ಮಳೆ ನಕ್ಷತ್ರಗಳ ಲೆಕ್ಕ ಅವರದು. ನಾಲ್ಕನೆಯವರು ವಯಸ್ಸಾದ ನೀರಗಂಟಿ ತಾತ. ತೂಬು ಎತ್ತಿ ಇಳಿಸಿ ಜೀವನ ಕಳೆದವರು. ಜಾಸ್ತಿ ಮಾತಾಡಲ್ಲ, ಮಾತಾಡಿದರೆ ಅಕ್ಕಪಕ್ಕ ಕೂತ ನಾಲ್ಕು ಜನಕ್ಕೆ ಕೇಳಿಸಿದರೆ ಹೆಚ್ಚು.

ಐದನೆಯವರು ನಾಟಿ ಅಕ್ಕ. ಹೆಂಗಸರ ತಂಡ ಕಟ್ಟಿಕೊಂಡು ಎಕರೆಗೆ ಇಷ್ಟು ಅಂತ ಗುತ್ತಿಗೆ ಹಿಡಿದು ನಾಟಿ ಮಾಡಿಸುವವರು. ಮೊದಲು ಇವರ ಹೆಸರು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಡ್ಯಾಂ ಬಗ್ಗೆ ಯಾರು ಏನು ಹೇಳುತ್ತಾರೆ ಅಂತ ಕೇಳಿದಾಗ ಒಬ್ಬರೂ ಅವರನ್ನ ಹೆಸರಿಸಿರಲಿಲ್ಲ. ಅವರ ಹೆಸರು ಹೇಗೆ ಬಂತು ಅಂತ ಆಮೇಲೆ ಹೇಳುತ್ತೇನೆ.

ಅಳಗುಳಿ ಮಣೆ

ಹಣ ಕಟ್ಟುವ ಮಾತೇ ಇಲ್ಲ ಅಂತ ಮೊದಲ ದಿನವೇ ತೀರ್ಮಾನ ಆಯಿತು. ಮಂಡ್ಯದಲ್ಲಿ ಬೆಟ್ಟಿಂಗ್ ಅಂದರೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಎಲ್ಲರಿಗೂ ಗೊತ್ತು. ಚುನಾವಣೆ ಬಂದರೆ ಕುರಿ, ಟ್ರ್ಯಾಕ್ಟರ್ ಎಲ್ಲ ಪಣಕ್ಕೆ ಬೀಳುತ್ತವೆ. (ಅದೇ ವರ್ಷ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ಪಾಸು ಮಾಡಿತು. ಹೌದೋ ಅಲ್ಲವೋ ಅಂತ ದುಡ್ಡು ಕಟ್ಟಿಸಿಕೊಳ್ಳುತ್ತಿದ್ದ ಆ್ಯಪ್‌ಗಳ ಕಥೆ ಅಲ್ಲಿಗೆ ಮುಗಿಯಿತು.) ನಮ್ಮಲ್ಲಿ ಗೆದ್ದವರಿಗೆ ಒಂದು ಹಸಿರು ಟವೆಲ್, ಸೋತವರಿಗೂ ಟೀ.

ಶೇಕಡಾ ಲೆಕ್ಕದಲ್ಲಿ ಅಂದಾಜು ಹೇಳಿ ಅಂದರೆ ಯಾರೂ ಹೇಳಲ್ಲ. "ತುಂಬ್ತದೆ ಬುಡಿ" ಅಂತಾರೆ, ಇಲ್ಲಾ "ಎಲ್ಲಿ ತುಂಬ್ತದೆ" ಅಂತಾರೆ. ಅದಕ್ಕೆ ನನ್ನ ಅಕ್ಕನ ಮನೆ ಅಟ್ಟದ ಮೇಲಿದ್ದ ಹಳೇ ಅಳಗುಳಿ ಮಣೆ ಇಳಿಸಿದೆವು. ಹಲಸಿನ ಮರದ್ದು, ಒಂದು ಕಡೆ ಸ್ವಲ್ಪ ಸೀಳಿದೆ. ಒಂದು ಸಾಲಿನ ಐದು ಗುಳಿಗೆ ಚೀಟಿ ಅಂಟಿಸಿದೆವು. ಜೂನ್ ಮುಗಿಯೋದ್ರೊಳಗೆ, ಜುಲೈ, ಆಗಸ್ಟ್, ಅದಾದ ಮೇಲೆ, ಈ ವರ್ಷ ಇಲ್ಲ. ಪ್ರತಿಯೊಬ್ಬರ ಕೈಗೆ 20 ಹುಣಸೆ ಬೀಜ. ಒಂದು ಬೀಜ ಅಂದರೆ ನೂರಕ್ಕೆ ಐದು. ಬುಧವಾರ ಬುಧವಾರ ಅಂಗಡಿಗೆ ಬಂದವರು ತಮ್ಮ ಬೀಜ ಹಂಚಬೇಕು, ನಾನು ಅಥವಾ ನನ್ನ ಅಕ್ಕನ ಮಗ ಬರೆದುಕೊಳ್ಳುತ್ತಿದ್ದೆವು.

ಬೀಜ ಕೈಯಲ್ಲಿ ಇದ್ದರೆ ಜನ ಬೇರೆ ಥರ ಯೋಚನೆ ಮಾಡುತ್ತಾರೆ. "ತುಂಬೇ ತುಂಬ್ತದೆ, ಜುಲೈನಾಗೆ" ಅಂತ ಜೋರಾಗಿ ಹೇಳಿದ ಒಬ್ಬರು 20 ಬೀಜಾನೂ ಜುಲೈ ಗುಳಿಗೆ ಸುರಿದರು. ಮರುಕ್ಷಣ ನಾಲ್ಕು ವಾಪಸ್ ತೆಗೆದು ಆಗಸ್ಟ್‌ಗೆ ಹಾಕಿದರು. ಹೊರಡುವಾಗ ಇನ್ನೊಂದು ತೆಗೆದು "ಈ ವರ್ಷ ಇಲ್ಲ" ಗುಳಿಗೆ ಇಟ್ಟರು, ಯಾರಾದರೂ ನೋಡಿದರಾ ಅಂತ ಸುತ್ತ ನೋಡಿದರು. ಆ ಒಂದು ಬೀಜ 2023ರದು ಅಂತ ನನಗೆ ಅನ್ನಿಸಿತು.

ತುಂಬಿತು ಅಂದರೆ ಏನು? ಇದಕ್ಕೇ ಒಂದು ಸಂಜೆ ಹೋಯಿತು. ಗರಿಷ್ಠ ಮಟ್ಟ 124.80 ಅಡಿ. ಆದರೆ 124 ದಾಟಿದ ಮೇಲೆ ಅಧಿಕಾರಿಗಳು ಗೇಟ್ ತೆಗೆದು ಅಲ್ಲೇ ಹಿಡಿದು ನಿಲ್ಲಿಸಬಹುದು. ಆಗ ತುಂಬಿತು ಅನ್ನಬೇಕೋ ಬೇಡವೋ? ಕೊನೆಗೆ ಮುಖ್ಯಮಂತ್ರಿ ಬಾಗಿನ ಬಿಟ್ಟ ದಿನವೇ ಲೆಕ್ಕ ಅಂತಾಯಿತು. ಅದಕ್ಕೆ ಫೋಟೊ ಇರುತ್ತೆ, ಜಗಳ ಇರಲ್ಲ. ಇಂಥ ಆಟಗಳಲ್ಲಿ ಜಗಳ ಶುರುವಾಗುವುದು ಅಂದಾಜು ಹೇಳುವಾಗ ಅಲ್ಲ, ಉತ್ತರ ಯಾವುದು ಅಂತ ತೀರ್ಮಾನ ಮಾಡುವಾಗ. ಇನ್ನೊಂದು ವಿಷಯ. ನಾವು ಬರೆದ ಮೊದಲ ಪಟ್ಟಿಯಲ್ಲಿ ಜೂನ್ ಇರಲೇ ಇಲ್ಲ. ಕಟ್ಟೆ ಕಟ್ಟಿ ತೊಂಬತ್ತು ವರ್ಷದ ಮೇಲಾಯಿತು, ಜೂನ್‌ನಲ್ಲಿ ತುಂಬಿದ್ದನ್ನ ನಾವ್ಯಾರೂ ಅಲ್ಲಿಯವರೆಗೆ ನೋಡಿರಲಿಲ್ಲ. "ಒಂದು ಗುಳಿ ಇರ್ಲಿ ಬುಡ್ರಪ್ಪ, ಕಾಲಿ ಬಿದ್ದಿರ್ತದೆ" ಅಂದವರು ನೀರಗಂಟಿ ತಾತ. ಹಾಗೆ ಹೇಳಿ ಅವರೂ ಆ ಗುಳಿಗೆ ಒಂದು ಬೀಜ ಹಾಕಲಿಲ್ಲ.

ಪಕ್ಕದ ಗದ್ದೆಯ ಪ್ರಶ್ನೆ

ಬೀಜ ಹಂಚಿದ ಮೇಲೆ ಎರಡು ಪ್ರಶ್ನೆ ಕೇಳುತ್ತಿದ್ದೆವು. ಹೋದ ವಾರಕ್ಕಿಂತ ಈ ವಾರ ಬೀಜ ಜರುಗಿಸಿದ್ದರೆ, ಯಾಕೆ? ಮತ್ತೆ, ನಿಮ್ಮ ಪಕ್ಕದ ಗದ್ದೆಯವರು ಯಾರ ಮಾತು ಕೇಳುತ್ತಾರೆ?

ಎರಡನೆಯದು ನನ್ನ ಸ್ವಂತ ಐಡಿಯಾ ಅಲ್ಲ. 2024ರ ಅಮೆರಿಕ ಚುನಾವಣೆಯಲ್ಲಿ ಮುಂದೆ ಏನಾಗುತ್ತೆ ಅಂತ ಜನ ದುಡ್ಡು ಕಟ್ಟುವ ಪಾಲಿಮಾರ್ಕೆಟ್ ಅನ್ನುವ ಪೇಟೆಯಲ್ಲಿ ಫ್ರಾನ್ಸಿನ ಒಬ್ಬ ವ್ಯಾಪಾರಿ ಟ್ರಂಪ್ ಗೆಲ್ಲುತ್ತಾರೆ ಅಂತ ಕೋಟಿಗಟ್ಟಲೆ ಡಾಲರ್ ಹಾಕಿದ. ಆತ ದುಡ್ಡು ಕೊಟ್ಟು ತನ್ನದೇ ಸಮೀಕ್ಷೆ ಮಾಡಿಸಿದ್ದ. ಅದರಲ್ಲಿ ನಿಮ್ಮ ವೋಟು ಯಾರಿಗೆ ಅಂತ ಕೇಳಿ ಬಿಡಲಿಲ್ಲ, ನಿಮ್ಮ ನೆರೆಮನೆಯವರು ಯಾರಿಗೆ ಹಾಕಬಹುದು ಅಂತ ಕೇಳಿಸಿದ. ತಮ್ಮ ಬಗ್ಗೆ ಹೇಳಲು ಸಂಕೋಚಪಡುವ ಜನ ಪಕ್ಕದ ಮನೆ ಬಗ್ಗೆ ಧಾರಾಳವಾಗಿ ಹೇಳುತ್ತಾರೆ ಅನ್ನುವುದು ಆತನ ಲೆಕ್ಕ. ಅದು ಅಮೆರಿಕಕ್ಕೆ ಎಷ್ಟು ನಿಜವೋ ಪಾಂಡವಪುರಕ್ಕೂ ಅಷ್ಟೇ ನಿಜ, ಅಲ್ವಾ?

ಮೊದಲ ಪ್ರಶ್ನೆಗೆ ಬಂದ ಉತ್ತರಗಳೆಲ್ಲ ಗೌರವದ ಉತ್ತರಗಳು. "ಪೇಪರ್ ನೋಡ್ದೆ", "ಮೇಷ್ಟ್ರು ಹೇಳಿದ್ರು", "ಹವಾಮಾನ ಇಲಾಖೆಯೋರು ಹೇಳವ್ರಲ್ಲ". ಎರಡನೆಯದಕ್ಕೆ ಬಂದ ಉತ್ತರಗಳಲ್ಲಿ ಪೇಪರ್ ಮಾಯ. "ಅವನಾ? ಅವನು ಪೇಪರ್ ಎಲ್ಲಿ ಓದ್ತಾನೆ, ನಾಟಿಯವ್ವ ಡೇಟ್ ಕೊಟ್ಟ ದಿನ ಒಟ್ಲು ಬುಡ್ತಾನೆ." (ಒಟ್ಲು ಅಂದರೆ ನಾಟಿಗೆ ಬೆಳೆಸುವ ಸಸಿಮಡಿ.) ಇದೇ ಮಾತು ಬೇರೆ ಬೇರೆ ಬಾಯಲ್ಲಿ ಬಂತು. ಒಬ್ಬರ ಬಗ್ಗೆ ಇನ್ನೊಬ್ಬರು, ಇನ್ನೊಬ್ಬರ ಬಗ್ಗೆ ಇವರು. ತನ್ನ ಬಗ್ಗೆ ಮಾತ್ರ ಯಾವ ಗಂಡಸೂ ಹೀಗೆ ಹೇಳಲಿಲ್ಲ. ನಾಟಿ ಅಕ್ಕನ ಹೆಸರು ಪಟ್ಟಿಗೆ ಸೇರಿದ್ದು ಹೀಗೆ.

ಜೂನ್

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ಮಾಮೂಲಿಗಿಂತ ಎಂಟು ದಿನ ಮೊದಲು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಹವಾಮಾನ ಇಲಾಖೆ ಆ ಸಲ ದೇಶಕ್ಕೆ ಸರಾಸರಿಯ ಶೇ 106ರಷ್ಟು ಮಳೆ ಅಂದಿತ್ತು. ಕೊಡಗಿನಲ್ಲಿ ಮೇ ಕೊನೆಗೇ ಚೆನ್ನಾಗಿ ಹುಯ್ಯಿತು. ಆಮೇಲೆ ಜೂನ್ ಮೊದಲಲ್ಲಿ ಮುಂಗಾರು ಸ್ವಲ್ಪ ತಣ್ಣಗಾಯಿತು. ಜೂನ್ ನಡುವಿನಿಂದ ಮತ್ತೆ ಹಿಡಿಯಿತು.

ಜೂನ್ 4ರ ಬುಧವಾರ ಹೆಚ್ಚಿನ ಬೀಜ ಜುಲೈ, ಆಗಸ್ಟ್ ಗುಳಿಗಳಲ್ಲಿ. ಜೂನ್ ಗುಳಿಯಲ್ಲಿ ಅಲ್ಲೊಂದು ಇಲ್ಲೊಂದು. ಐನೋರು ಆರಿದ್ರ ಮಳೆ ಮೇಲೆ ನಂಬಿಕೆ ಇಟ್ಟವರು. ಆರಿದ್ರ ಹುಟ್ಟುವುದೇ ಜೂನ್ 21, 22ರ ಹೊತ್ತಿಗೆ, ಹಾಗಾಗಿ ಅವರ ಬೀಜ ಬಹುತೇಕ ಜುಲೈನಲ್ಲಿ. ಮೇಷ್ಟ್ರು ಹಳೇ ವರ್ಷಗಳ ಲೆಕ್ಕ ಹಿಡಿದರು. ಇತಿಹಾಸದಲ್ಲಿ ಇಲ್ಲದ್ದಕ್ಕೆ ನಾನು ಬೀಜ ಯಾಕೆ ಕೊಡಲಿ ಅಂದರು. ತಪ್ಪಲ್ಲ ಅದು. ಯಾವುದೇ ಅಂದಾಜಿಗೆ ಮೊದಲು ನೋಡಬೇಕಾದ್ದು ಹಿಂದೆ ಎಷ್ಟು ಸಲ ಹಾಗಾಗಿದೆ ಅನ್ನುವುದನ್ನೇ.

ಹುಡುಗ ಮಾತ್ರ ಮೇ ಕೊನೆಯಿಂದಲೇ ಶುರು ಮಾಡಿದ್ದ. "ಇತಿಹಾಸದಲ್ಲೇ ಮೊದಲು? ಜೂನ್‌ನಲ್ಲೇ ಕೆಆರ್‌ಎಸ್ ಭರ್ತಿ?" ದಿನಾ ಅದೇ ಸಾಲು, ಮೂರು ಬೆಂಕಿ ಚಿತ್ರ. ಎಲ್ಲರೂ ಓದಿದರು, ಎಲ್ಲರೂ ಫಾರ್ವರ್ಡ್ ಮಾಡಿದರು. ಜೂನ್ 11ರಂದು ಬಂದು ಬೀಜ ಹಂಚುವಾಗ ಒಬ್ಬರೂ ಅವನ ಮಾತಿಗೆ ಬೀಜ ಜರುಗಿಸಲಿಲ್ಲ. ಯಾಕೆ ಅಂದರೆ ಹೋದ ವರ್ಷವೂ, ಅದರ ಹಿಂದಿನ ವರ್ಷವೂ ಅವನ ಸಾಲುಗಳು ಹೀಗೇ ಇದ್ದವು. ಅವನು ಕೊಡುವ ಮಟ್ಟದ ಅಂಕಿ ಮೇಲೆ ಎಲ್ಲರಿಗೂ ನಂಬಿಕೆ. ಅವನು ಹಾಕುವ ಪ್ರಶ್ನೆ ಚಿಹ್ನೆ ಮೇಲೆ ಯಾರಿಗೂ ಇಲ್ಲ.

ಅದೇ ವಾರ ಕಬಿನಿ ತುಂಬುತ್ತಿದೆ, ಇನ್ನು ಕೆಆರ್‌ಎಸ್ ಎಷ್ಟೊತ್ತು ಅನ್ನುವ ಮಾತು ಹಬ್ಬಿ ಜುಲೈಯಿಂದ ಸ್ವಲ್ಪ ಬೀಜ ಜೂನ್‌ಗೆ ಬಂದವು. ನೀರಗಂಟಿ ತಾತ ನಕ್ಕರು. ಕಬಿನಿ ನೀರು ಕಾವೇರಿಗೆ ಸೇರುವುದು ತಿರುಮಕೂಡಲು ನರಸೀಪುರದಲ್ಲಿ, ಕಟ್ಟೆಯಿಂದ ಎಷ್ಟೋ ಕೆಳಗೆ. ಕಬಿನಿಯ ಒಂದು ಚೊಂಬು ನೀರೂ ಕೆಆರ್‌ಎಸ್‌ಗೆ ಬರಲ್ಲ. ಕಬಿನಿ ಹುಟ್ಟುವ ವೈನಾಡಿನಲ್ಲಿ ಮಳೆ ಆಗಿದೆ ಅಂದರೆ ಕೊಡಗಿನಲ್ಲೂ ಆಗಿರಬಹುದು ಅನ್ನುವ ಸೂಚನೆ ಅಷ್ಟೆ. ನೋಡಬೇಕಾದ್ದು ಭಾಗಮಂಡಲದ ಮಳೆ, ಹಾರಂಗಿಯ ಗೇಟು, ಹೇಮಾವತಿಯಿಂದ ಬಿಡುವ ನೀರು.

ಇನ್ನು ಜೂನ್ 18. ಮಧ್ಯಾಹ್ನ ನಾಟಿ ಅಕ್ಕ ಅಂಗಡಿಗೆ ಬಂದರು. ಬಂದದ್ದು ಆಟಕ್ಕಲ್ಲ, ಕುಡುಗೋಲು ಕೊಳ್ಳಲು. ಸೆರಗಿನ ಗಂಟಿನಿಂದ ಒಂದು ಸಣ್ಣ ಡೈರಿ ತೆಗೆದರು. ಯಾವುದೋ ಚಿನ್ನದಂಗಡಿಯವರು ಕೊಟ್ಟ ಡೈರಿ, ಹಾಳೆ ಮಧ್ಯೆ ಬಾಲ್‌ಪೆನ್ನು. ಅಲ್ಲೇ ಇದ್ದ ಇಬ್ಬರನ್ನ ನೋಡಿ ಕೇಳಿದರು: "ಅಣ್ಣ, ಅಡ್ವಾನ್ಸ್ ಕೊಟ್ಬುಡಿ. ಜುಲೈ ಎರಡನೇ ವಾರ ಆಗ್ಲೇ ತುಂಬೋಯ್ತು. ಆಮೇಲೆ ಬಂದು ಹೆಣ್ಣಾಳಿಲ್ಲ ಅಂದ್ರೆ ನನ್ನ ಬೈಬ್ಯಾಡಿ." ಒಬ್ಬರು "ನೀರೆಲ್ಲವ್ವ ಇನ್ನೂ" ಅಂದರು. "ನಮ್ಮ ತಂಗಿ ಕುಶಾಲನಗರದಲ್ಲವ್ಳೆ. ಮನೆ ಹಿಂದಿನ ಹೊಳೆ ಏರೈತೆ. ಹಾರಂಗಿಯಿಂದ ನೀರು ಬುಡ್ತಾವ್ರೆ. ನಿಮಗೆ ಬ್ಯಾಡ ಅಂದ್ರೆ ಬುಡಿ, ಆ ಕಡೆ ಊರೋರು ಕಾಯ್ತಾವ್ರೆ."

ಅಷ್ಟೇ ಮಾತು. ಡ್ಯಾಂ ಯಾವಾಗ ತುಂಬುತ್ತೆ ಅಂತ ಅವರು ಹೇಳಲೇ ಇಲ್ಲ.

ಅವತ್ತು ಸಂಜೆ ಆರು ಗಂಟೆಯೊಳಗೆ ಜೂನ್ ಗುಳಿ ತುಂಬಿಕೊಂಡಿತು. ಬೆಳಿಗ್ಗೆ ಬೀಜ ಹಂಚಿ ಹೋಗಿದ್ದವರೂ ವಾಪಸ್ ಬಂದು ಜರುಗಿಸಿದರು. ಯಾಕೆ ಅಂತ ಕೇಳಿದರೆ "ಚಾನೆಲ್‌ನಾಗೆ ಹಾಕಿದ್ರಲ್ಲ" ಅಂದವರೇ ಜಾಸ್ತಿ. ಹುಡುಗನ ಚಾನೆಲ್‌ನಲ್ಲಿ ಆ ಸಾಲು ಅದಾಗಲೇ ಹಳೆಯದಾಗಿತ್ತು.

ಜೂನ್‌ನಲ್ಲೇ ಕಟ್ಟೆ ತುಂಬಿತು. ಜೂನ್ 30ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಬಾಗಿನ ಬಿಟ್ಟರು. ಜೂನ್ ತಿಂಗಳಲ್ಲಿ ಕೆಆರ್‌ಎಸ್‌ಗೆ ಬಾಗಿನ ಸಂದದ್ದು ಅದೇ ಮೊದಲು.

ಅಂಕ ಹಾಕಿದ್ದು

ಅಂಕ ಹಾಕಲು ಬಳಸಿದ್ದು ಬ್ರಯರ್ ಲೆಕ್ಕ. ಗ್ಲೆನ್ ಬ್ರಯರ್ ಅಮೆರಿಕದ ಹವಾಮಾನ ಇಲಾಖೆಯವರು. ಮಳೆ ಬರುವ ಸಾಧ್ಯತೆ ಇಷ್ಟು ಅಂತ ಹೇಳುವವರಿಗೆ ಅಂಕ ಹಾಕುವ ದಾರಿಯನ್ನ 1950ರಲ್ಲಿ ತೋರಿಸಿದರು. ಪ್ರತಿ ಗುಳಿಯಲ್ಲಿ ನೀವು ಹೇಳಿದ್ದಕ್ಕೂ (20 ಬೀಜ ಅಂದರೆ 1) ಆದದ್ದಕ್ಕೂ (ಸರಿಯಾದ ಗುಳಿಗೆ 1, ಉಳಿದವಕ್ಕೆ 0) ಇರುವ ವ್ಯತ್ಯಾಸ ತೆಗೆದುಕೊಳ್ಳಿ. ಅದನ್ನ ಅದರಿಂದಲೇ ಗುಣಿಸಿ, ಎಲ್ಲ ಕೂಡಿಸಿ. ಕಡಿಮೆ ಬಂದಷ್ಟೂ ಒಳ್ಳೆಯದು. 20 ಬೀಜಾನೂ ಜುಲೈಗೆ ಸುರಿದವರಿಗೆ 2 ಬರುತ್ತೆ, ಅದಕ್ಕಿಂತ ಕೆಟ್ಟ ಅಂಕ ಇಲ್ಲ. ನನಗೇನೂ ಗೊತ್ತಿಲ್ಲಪ್ಪ ಅಂತ ಐದೂ ಗುಳಿಗೆ ನಾಲ್ಕು ನಾಲ್ಕು ಹಾಕಿದವರಿಗೆ 0.80. ಅಂದರೆ ಗಂಟಲು ದೊಡ್ಡದು ಮಾಡಿ ತಪ್ಪು ಹೇಳುವುದಕ್ಕಿಂತ ಗೊತ್ತಿಲ್ಲ ಅಂತ ಒಪ್ಪಿಕೊಂಡವರು ಎಷ್ಟೋ ಮುಂದೆ. ಟೀ ಅಂಗಡಿಯಲ್ಲಿ ಇದು ಉಲ್ಟಾ ಇರುತ್ತೆ.

ಈ ಒಂದು ಪ್ರಶ್ನೆ ಮಾತ್ರ ನೋಡಿದರೆ ಹುಡುಗ ಗೆದ್ದ, ಮೇಷ್ಟ್ರು ಸೋತರು. ಅಲ್ಲಿಗೆ ನಿಲ್ಲಿಸಿದರೆ ಅನ್ಯಾಯ. ಪ್ರತಿ ವರ್ಷ ಜೂನ್ ಅನ್ನುವವನು ಒಂದು ವರ್ಷ ಸರಿಯಾಗೇ ಆಗುತ್ತಾನೆ. ಒಂದು ಘಟನೆಯಿಂದ ಯಾರ ಅಂದಾಜು ಒಳ್ಳೆಯದು ಅಂತ ಹೇಳಲು ಆಗಲ್ಲ, ಸುಮಾರು ಪ್ರಶ್ನೆ ಬೇಕು. ಅದಕ್ಕೇ ವಾರವಾರ ಸಣ್ಣ ಪ್ರಶ್ನೆಗಳನ್ನೂ ಇಟ್ಟಿದ್ದೆವು. ಮುಂದಿನ ಬುಧವಾರದ ಮಟ್ಟ ಈ ಗೆರೆ ದಾಟುತ್ತಾ ಇಲ್ವಾ? ಅವುಗಳಲ್ಲಿ ಮೇಷ್ಟ್ರೇ ಮುಂದೆ. ಅವರ ಲೆಕ್ಕ ಸರಳ. 11,574 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಒಳಹರಿವಿನಲ್ಲಿ ಹೊರಹರಿವು ಕಳೆಯಿರಿ, 11,574ರಿಂದ ಭಾಗಿಸಿ. ಕಟ್ಟೆ ಮೇಲೆ ಮೇಲೆ ಅಗಲ ಆಗುತ್ತೆ, ಹಾಗಾಗಿ ಕೆಳಗಿನ ಒಂದು ಅಡಿಗಿಂತ ಮೇಲಿನ ಒಂದು ಅಡಿಗೆ ಜಾಸ್ತಿ ನೀರು ಬೇಕು. ಒಟ್ಟು ಹಿಡಿಯುವುದು 49.45 ಟಿಎಂಸಿ. ಡಿಎಪಿ ಚೀಲದ ಬೆನ್ನಿಗೆ ಚಾಕ್‌ಪೀಸಿನಲ್ಲಿ ಇದನ್ನ ಬರೆದು ತೋರಿಸಿದರು. ಎರಡನೇ ಜಾಗ ನೀರಗಂಟಿ ತಾತನದು. ಐನೋರ ಬಗ್ಗೆ ಹೇಳುವುದೇನೂ ಇಲ್ಲ, ಈ ಸಣ್ಣ ಪ್ರಶ್ನೆಗಳಲ್ಲಿ ಅವರಿಗೆ ಬಂದ ಅಂಕ ಎರಡೂ ಕಡೆ ಸಮ ಹಾಕಿದವರಿಗಿಂತ ಮೇಲೂ ಅಲ್ಲ, ಕೆಳಗೂ ಅಲ್ಲ.

ಹೆಸರುವಾಸಿಯಾದವರ ಅಂದಾಜು ಸರಿ ಇರುತ್ತೆ ಅಂತ ನಂಬುವವರು ಮನಶ್ಶಾಸ್ತ್ರಜ್ಞ ಫಿಲಿಪ್ ಟೆಟ್ಲಾಕ್ ಮಾಡಿದ ಕೆಲಸ ನೋಡಬೇಕು. ರಾಜಕೀಯ, ಆರ್ಥಿಕತೆ ಬಗ್ಗೆ ಭವಿಷ್ಯ ಹೇಳುವ 284 ತಜ್ಞರ ಸಾವಿರಾರು ಅಂದಾಜುಗಳನ್ನ ಇಪ್ಪತ್ತು ವರ್ಷದಷ್ಟು ಕಾಲ ಕೂಡಿಟ್ಟು 2005ರಲ್ಲಿ ಫಲಿತಾಂಶ ಹೇಳಿದರು. ಟೀವಿ, ಪತ್ರಿಕೆಗಳಲ್ಲಿ ಜಾಸ್ತಿ ಕಾಣಿಸುವವರ ಅಂದಾಜು ಕಾಣಿಸದವರಿಗಿಂತ ಕೆಟ್ಟದಾಗಿತ್ತು. ಆದರೆ ಟೆಟ್ಲಾಕ್ ತೂಗಿದ್ದು ಸರಿ ತಪ್ಪನ್ನ. ಭಾವ ಕೇಳಿದ್ದು ಅದಲ್ಲ.

ಭಾವನ ಪ್ರಶ್ನೆಗೆ ಉತ್ತರ

ಕೇಳುವವರ ಸಂಖ್ಯೆ, ಅಂದಾಜಿನ ಸರಿತನ, ಬೇರೆಯವರ ಕೈ ಜರುಗಿಸುವ ಶಕ್ತಿ. ನಮ್ಮ ಪುಸ್ತಕದಲ್ಲಿ ಈ ಮೂರೂ ಮೂರು ಬೇರೆ ಜನರ ಹತ್ತಿರ ಇದ್ದವು. ಹುಡುಗನನ್ನ ಎಲ್ಲರೂ ಕೇಳುತ್ತಾರೆ. ಮೇಷ್ಟ್ರ ಲೆಕ್ಕ ಸರಿ. ಬೀಜ ಜರುಗಿದ್ದು ನಾಟಿ ಅಕ್ಕನ ಮಾತಿಗೆ.

ಕೇಳುವವರ ಸಂಖ್ಯೆ ಎಣಿಸುವುದು ಸುಲಭ, ಫೋನೇ ತೋರಿಸುತ್ತೆ. ಪ್ರಭಾವ ಎಣಿಸಬೇಕಾದರೆ ಮಾತು ಬೀಳುವ ಮೊದಲು ಒಂದು ಅಂಕಿ, ಬಿದ್ದ ಮೇಲೆ ಒಂದು ಅಂಕಿ ಕೈಯಲ್ಲಿರಬೇಕು. ಅಂದಾಜಿನ ಪೇಟೆಗಳಲ್ಲಿ ನನಗೆ ಇಷ್ಟ ಆಗುವುದು ಇದೇ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 1988ರಲ್ಲಿ ಅಧ್ಯಕ್ಷೀಯ ಚುನಾವಣೆಗೆ ಸಣ್ಣ ಮೊತ್ತದ ಪೇಟೆ ಶುರು ಮಾಡಿದರು. ಅಲ್ಲಿ ದರ ಅನ್ನುವುದು ಎಲ್ಲರ ಅಂದಾಜನ್ನ ಸೇರಿಸಿದ ಒಂದು ಅಂಕಿ. ದೊಡ್ಡವರೊಬ್ಬರು ಭಾಷಣ ಮಾಡಿದ ಮೇಲೂ ದರ ಅಲ್ಲಾಡದಿದ್ದರೆ, ಅವರು ಹೊಸದೇನೂ ಹೇಳಲಿಲ್ಲ ಅಂತ ಅರ್ಥ. ಇಲ್ಲಾ ಅವರನ್ನ ಯಾರೂ ನಂಬಲಿಲ್ಲ. ಕೇಳಿದವರು ಎಷ್ಟು ಲಕ್ಷ ಇದ್ದರೂ ಅಷ್ಟೆ.

ಆದರೆ ದರ ಅಲ್ಲಾಡಿಸಿದವರೆಲ್ಲ ಸರಿ ಅಂತಲೂ ಅಲ್ಲ. ಐರ್ಲೆಂಡಿನ ಇಂಟ್ರೇಡ್ ಪೇಟೆಯಲ್ಲಿ 2012ರ ಅಮೆರಿಕ ಚುನಾವಣೆಯ ಕೊನೆಯ ಎರಡು ವಾರ ಒಬ್ಬನೇ ವ್ಯಾಪಾರಿ, ಒಬಾಮಾ ಎದುರು ನಿಂತು ಸೋತ ರಾಮ್ನಿ ಕಡೆ ದುಡ್ಡು ಸುರಿದು ದರ ಬೀಳದ ಹಾಗೆ ಹಿಡಿದಿದ್ದ. ಸುಮಾರು 40 ಲಕ್ಷ ಡಾಲರ್ ಕಳೆದುಕೊಂಡ. 2024ರ ಫ್ರೆಂಚ್ ವ್ಯಾಪಾರಿಯೂ ದರ ಏರಿಸಿದ, ಆತ ಗೆದ್ದ. ಆ ಹೊತ್ತಿನಲ್ಲಿ ಹೊರಗಿನಿಂದ ನೋಡುವವರಿಗೆ ಇಬ್ಬರೂ ಒಂದೇ ಥರ ಕಂಡಿರುತ್ತಾರೆ.

ಹಾಗಾದರೆ ನಾಟಿ ಅಕ್ಕ ಯಾವ ಥರದವರು? ಬೇಗ ಅಡ್ವಾನ್ಸ್ ಬಂದರೆ ಅವರಿಗೆ ಲಾಭ ತಾನೆ, ಅದಕ್ಕೇ ಹೆದರಿಸಿರಬಹುದು ಅಂತ ಮೇಷ್ಟ್ರು ತಕರಾರು ತೆಗೆದರು. ನ್ಯಾಯವಾದ ತಕರಾರು. ಭಾವ ಅದಕ್ಕೆ ಕೊಟ್ಟ ಉತ್ತರ ನನ್ನ ಯಾವ ಪಾಠಕ್ಕಿಂತಲೂ ಚೆನ್ನಾಗಿತ್ತು. ಅಕ್ಕ ಹೇಳಿದ ದಿನ ನೀರು ಬರದೆ ನಾಟಿ ಮುಂದೆ ಹೋದರೆ, ಇಪ್ಪತ್ತು ಹೆಂಗಸರನ್ನ ಕೆಲಸ ಇಲ್ಲದೆ ಮನೆಯಲ್ಲಿ ಕೂರಿಸಿದವರು ಅವರಾಗುತ್ತಾರೆ. ಆ ತಂಡ ಮುಂದಿನ ವರ್ಷ ಇನ್ನೊಬ್ಬ ಮೇಸ್ತ್ರಿ ಹಿಂದೆ ಹೋಗುತ್ತೆ. ಹುಡುಗ ತಪ್ಪಾದರೆ ಮರುದಿನ ಇನ್ನೊಂದು ಮೆಸೇಜ್ ಹಾಕುತ್ತಾನೆ. ಮೇಷ್ಟ್ರಿಗೆ ಪಿಂಚಣಿ ಬರುತ್ತೆ. ತಪ್ಪಿದರೆ ನಷ್ಟ ಆಗುವುದು ಅಕ್ಕನಿಗೆ ಮಾತ್ರ. ಊರಿಗೆ ಇದು ಗೊತ್ತು, ಅದಕ್ಕೇ ಅವರ ಮಾತಿಗೆ ಕೈ ಜರುಗುತ್ತೆ.

ಇನ್ನೊಂದು ಕಾರಣವೂ ಇದೆ. ಅಕ್ಕನ ಡೈರಿಯಲ್ಲಿ ಇರುವುದು ಬರೀ ಅವರ ಅಭಿಪ್ರಾಯ ಅಲ್ಲ. ಯಾರು ಅಡ್ವಾನ್ಸ್ ಕೊಟ್ಟಿದ್ದಾರೆ, ಯಾವ ಊರಿನವರು ಯಾವ ದಿನ ಹಿಡಿದಿದ್ದಾರೆ ಅನ್ನುವ ಲೆಕ್ಕ ಅಲ್ಲಿದೆ. ನಾಲ್ಕಾರು ಊರಿನ ರೈತರು ದುಡ್ಡು ಕೊಟ್ಟು ಹೇಳಿದ ಅಂದಾಜು ಅದು. ನಾವು ಹುಣಸೆ ಬೀಜ ಹಿಡಿದು ಮಾಡಲು ಹೊರಟ ಪೇಟೆ ಅವರ ಸೆರಗಿನ ಗಂಟಿನಲ್ಲಿ ಮೊದಲೇ ನಡೆಯುತ್ತಿತ್ತು.

ಭಾವ ಜೂನ್ 18ರ ಸಂಜೆಯೇ ಎಂಟಿಯು 1001ಕ್ಕೆ ಫೋನ್ ಮಾಡಿ ಆರ್ಡರ್ ಜಾಸ್ತಿ ಮಾಡಿದರು, ಐಆರ್ 64 ಇಳಿಸಿದರು. ಬಾಗಿನದ ಫೋಟೊ ಪೇಪರಿನಲ್ಲಿ ಬರುವ ಹೊತ್ತಿಗೆ ತರಿಸಿದ ಚೀಲಗಳು ಬಹುತೇಕ ಹೋಗಿದ್ದವು. ಹಸಿರು ಟವೆಲ್ ನಿಯಮದ ಪ್ರಕಾರ ಹುಡುಗನಿಗೆ ಹೋಯಿತು. ಅವನು ಅದನ್ನ ಹೊದ್ದುಕೊಂಡು ಸೆಲ್ಫಿ ಹಾಕಿದ. ಅದಕ್ಕೆ ಲೈಕ್ ಚೆನ್ನಾಗಿಯೇ ಬಂದವು.

ಪ್ರಶ್ನೆಯೇ ಬೇರೆ ಇರಬೇಕಿತ್ತು

ಆಟ ಮುಗಿದ ಮೇಲೆ ನೀರಗಂಟಿ ತಾತ ಒಂದು ಮಾತು ಹೇಳಿದರು. "ಕಟ್ಟೆ ತುಂಬುದ್ರೆ ನಿಮಗೇನ್ರಪ್ಪ? ಕಟ್ಟೆ ತುಂಬ ನೀರಿದ್ರೂ ಗದ್ದೆಗೆ ಬರೋದು ತೂಬು ಎತ್ತಿದಷ್ಟೇ." ಡ್ಯಾಂ ತುಂಬುವುದು ಮಳೆ ಕೆಲಸ. ನಾಲೆಗೆ ನೀರು ಬಿಡುವುದು ನೀರಾವರಿ ಸಲಹಾ ಸಮಿತಿಯ ತೀರ್ಮಾನ. ಎಷ್ಟು ದಿನ ಬಿಟ್ಟು ಎಷ್ಟು ದಿನ ನಿಲ್ಲಿಸುತ್ತಾರೆ, ಸರದಿ ಮೇಲೆ ನೀರು ಬಿಡುವ ಕಟ್ಟು ಪದ್ಧತಿ ಹೇಗೆ, ನಾಲೆ ರಿಪೇರಿ ಇದೆಯಾ, ತಮಿಳುನಾಡಿಗೆ ಎಷ್ಟು ಹೋಗಬೇಕು, ಇವೆಲ್ಲ ಸೇರಿ ಒಟ್ಲು ಹಾಕುವ ದಿನ ನಿಕ್ಕಿ ಆಗುತ್ತೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಮಾಮೂಲಿ ಮಳೆ ವರ್ಷದಲ್ಲಿ ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಕೊಡಬೇಕು. ಮಳೆ ಕಮ್ಮಿಯಾದ ವರ್ಷ ಈ ಲೆಕ್ಕವೇ ಎಲ್ಲಕ್ಕಿಂತ ದೊಡ್ಡ ಜಗಳ. ಬಾಗಿನ ಎಲ್ಲರೂ ನೋಡುವ ದಿನ ಅಂತ ನಾವು ಅದನ್ನ ಆರಿಸಿದ್ದು. ರೈತರಿಗೆ ಬೇಕಿದ್ದದ್ದು ನಾಲೆಗೆ ನೀರು ಬಿಡುವ ದಿನಾಂಕ.

ಮುಂದಿನ ಹಂಗಾಮಿಗೆ ಪ್ರಶ್ನೆ ಬದಲಾಗಿದೆ. ನಾಲೆಗೆ ನೀರು ಯಾವ ವಾರ? ಗುಳಿಗಳಿಗೆ ಹೊಸ ಚೀಟಿ ಅಂಟಿಸಿ ನಾಟಿ ಅಕ್ಕನನ್ನ ಕರೆದೆವು. ಅವರೂ ಬುಧವಾರ ಬುಧವಾರ ಬಂದು ಬೀಜ ಇಡಬೇಕು ಅಂತ ಭಾವ ಕೇಳಿಕೊಂಡರು. ಅಕ್ಕ ಒಪ್ಪಲಿಲ್ಲ.

"ನಾನು ಒಂದು ಕಡೆ ಇಟ್ರೆ ಎಲ್ಲರೂ ಅಲ್ಲೇ ತಂದು ಇಡ್ತಾರೆ ಅಣ್ಣ. ಆಮೇಲೆ ನಾನು ಯಾರನ್ನ ನೋಡ್ಕೊಂಡು ಡೇಟ್ ಬರ್ಕೊಳ್ಲಿ?"

ಇದರಲ್ಲಿ ದೊಡ್ಡ ವಿಷಯ ಇದೆ. ವಿಜ್ಞಾನಿ ಗಾಲ್ಟನ್ 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಜಾತ್ರೆಯಲ್ಲಿ ಒಂದು ಎತ್ತಿನ ಮಾಂಸದ ತೂಕ ಊಹಿಸುವ ಸ್ಪರ್ಧೆಯ 787 ಚೀಟಿ ತರಿಸಿಕೊಂಡು ನೋಡಿದರು. ಸಾಲಾಗಿ ಜೋಡಿಸಿದಾಗ ನಟ್ಟನಡುವಿನ ಊಹೆ 1207 ಪೌಂಡು, ನಿಜವಾದ ತೂಕ 1198. ಆ ಜನ ಒಬ್ಬರ ಚೀಟಿ ಇನ್ನೊಬ್ಬರು ನೋಡಿರಲಿಲ್ಲ. ನಮ್ಮ ಮಣೆ ಅಂಗಡಿ ಮುಂದೆ ಬಿಸಿಲಲ್ಲಿ ತೆರೆದು ಕೂತಿತ್ತು. ಪೇಟೆಯಲ್ಲೂ ದರ ಎಲ್ಲರಿಗೂ ಕಾಣುತ್ತೆ ನಿಜ, ಆದರೆ ಇನ್ನೊಬ್ಬರ ಹಿಂದೆ ಹೋಗುವವರು ಕೈಯಿಂದ ದುಡ್ಡು ಹಾಕಬೇಕು. ಇಲ್ಲಿ ಇನ್ನೊಬ್ಬರ ಹಿಂದೆ ಹೋಗುವುದು ಪುಕ್ಕಟೆ.

ಕೊನೆಗೆ ಆದ ಒಪ್ಪಂದ ಇದು. ಮಣೆಯನ್ನ ಅಂಗಡಿ ಒಳಗೆ, ಬೀಜದ ಚೀಲಗಳ ಹಿಂದೆ ಇಡುವುದು. ಒಬ್ಬೊಬ್ಬರೇ ಒಳಗೆ ಹೋಗಿ ಹಂಚಿ ಬರುವುದು, ನನ್ನ ಅಕ್ಕನ ಮಗ ಬರೆದುಕೊಂಡು ಗುಳಿ ಖಾಲಿ ಮಾಡುವುದು. ಎಲ್ಲರದೂ ಆದ ಮೇಲೆ ಒಟ್ಟು ಲೆಕ್ಕ ನಾಟಿ ಅಕ್ಕನಿಗೆ ತೋರಿಸಬೇಕು, ಅವರದೇ ಕೊನೆ ಸರದಿ. ಅವರು ಎಲ್ಲಿ ಇಟ್ಟರು ಅನ್ನುವುದನ್ನ ಹಂಗಾಮು ಮುಗಿಯುವವರೆಗೆ ಹೊರಗೆ ಹೇಳುವ ಹಾಗಿಲ್ಲ, ಭಾವನಿಗೂ. ಭಾವ ಇದಕ್ಕೆ ಒಪ್ಪಿದ್ದಾರೆ, ಮುಖ ಮಾತ್ರ ಸಣ್ಣದಾಗಿದೆ.